ಬಿಚ್ಚಿದ ಎಂಜಿನ್ ಎಲ್ಲಿ ಹೋಯಿತು

ಕಿವಿರು ಎತ್ತಿ ನೋಡದೆ ನಾನು ಮೀನು ಕೊಂಡವಳಲ್ಲ. ಹೊನ್ನಾವರದ ಪೇಟೆಯಲ್ಲಿ ಅಮ್ಮ ಕೂರುತ್ತಿದ್ದ ಜಾಗದಲ್ಲೇ ಕೂತು ಮೀನು ಮಾರುವವಳು ನಾನು. ಮಾತು ನಂಬಿ ಕೊಂಡರೆ ಸಂಜೆಗೆ ಬೆಕ್ಕಿಗೆ ಹಾಕಬೇಕಾಗುತ್ತದೆ. ಅಕ್ಕ ಮನುಷ್ಯರ ಕಿವಿರನ್ನೂ ಎತ್ತಿ ನೋಡುತ್ತಾಳೆ ಎಂದು ತಮ್ಮ ನನ್ನ ಬೆನ್ನ ಹಿಂದೆ ಹೇಳುತ್ತಾನಂತೆ. ಹೇಳಲಿ.

ಹಾಗಾಗಿ ಅಪ್ಪ "ಆತು, ಮಾಡ್ಸು" ಎಂದು ತಮ್ಮನಿಗೆ ಹೇಳಿದ ಕೂಡಲೇ ನನಗೆ ಏನೋ ವಾಸನೆ ಬಡಿಯಿತು.

ತಮ್ಮ ಕೇಳಿದ್ದು ಸಣ್ಣ ಸಂಗತಿಯಲ್ಲ. ಅಪ್ಪನ ಹಳೆಯ ಡೀಸೆಲ್ ಜೀಪಿನ ಎಂಜಿನ್ ಕಿತ್ತು, ಅಲ್ಲಿ ಸ್ಪೋರ್ಟ್ಸ್ ಕಾರಿನ ಎಂಜಿನ್ ಕೂರಿಸುವುದು. ಭಟ್ಕಳದ ಒಂದು ಗ್ಯಾರೇಜಿನಲ್ಲಿ, ಹಿಂದಿನಿಂದ ಲಾರಿ ಗುದ್ದಿ ಜಜ್ಜಿಹೋದ ಎರಡು ಸೀಟಿನ ಕೆಂಪು ಕಾರೊಂದು ಬಿದ್ದಿತ್ತು. ಅದರ ಎಂಜಿನ್‌ಗೆ ಮಾತ್ರ ಏನೂ ಆಗಿರಲಿಲ್ಲ. ಅದನ್ನು ಹಾಕಿಸಿಕೊಂಡು ಕುಮಟಾ ಕಡೆಯ ಗುಡ್ಡಗಳಲ್ಲಿ ಕೆಸರಲ್ಲಿ ಜೀಪು ಹತ್ತಿಸುವ ಪಂದ್ಯಕ್ಕೆ ಹೋಗಬೇಕೆಂಬುದು ತಮ್ಮನ ಹುಚ್ಚು. ಆದರೆ ಆ ಜೀಪು! ನಾವು ಶಾಲೆಗೆ ಹೋಗಿದ್ದು ಅದರಲ್ಲಿ, ಅಮ್ಮ ಮೀನು ಬುಟ್ಟಿ ಇಟ್ಟುಕೊಂಡು ಪೇಟೆಗೆ ಬರುತ್ತಿದ್ದದ್ದು ಅದರಲ್ಲಿ. ಶುರುವಾಗುವಾಗ ಎರಡು ಸಲ ಕೆಮ್ಮಿ, ಒಮ್ಮೆ ಸುಮ್ಮನಾಗಿ, ಆಮೇಲೆ ಧಡಧಡ ಎನ್ನುತ್ತಿತ್ತು. ಅಮ್ಮ ತೀರಿಹೋದ ಮೇಲೂ ಆ ಸದ್ದು ಕೇಳಿದರೆ ಅವಳು ಬಂದಳೆಂದೇ ನನಗೆ ಅನಿಸುತ್ತಿತ್ತು. ಅದರ ಬಾನೆಟ್ ಬೇರೆಯವರು ಮುಟ್ಟಿದರೆ ಸಿಡುಕುತ್ತಿದ್ದ ಅಪ್ಪ, ಚಾ ಲೋಟ ಕೆಳಗಿಡುವ ಮೊದಲೇ ಒಪ್ಪಿಬಿಟ್ಟಿದ್ದ.

ಅಪ್ಪ ಆ ಹೊತ್ತಿಗೆ ಸಮುದ್ರಕ್ಕೆ ಹೋಗುವುದನ್ನು ಬಿಟ್ಟಿದ್ದ. ಸರಿಯಾಗಿ ಹೇಳಬೇಕೆಂದರೆ ನಾವು ಬಿಡಿಸಿದ್ದೆವು. ಒಬ್ಬನೇ ಬಲೆ ಎಳೆಯುತ್ತಿದ್ದಾಗ ಎದೆನೋವು ಬಂದು ದೋಣಿಯಲ್ಲೇ ಕುಸಿದಿದ್ದ. ಬೇರೆ ದೋಣಿಯವರು ಕಂಡದ್ದರಿಂದ ಉಳಿದ. ಒಬ್ಬರೇ ಹೋಗಬೇಡಿ ಎಂದರು ಡಾಕ್ಟರು. ಅಪ್ಪ ಯಾರ ಮಾತು ಕೇಳುವವನು? ಅವನು ಆಸ್ಪತ್ರೆಯಲ್ಲಿರುವಾಗಲೇ ನಾನೂ ತಮ್ಮನೂ ದೋಣಿಯ ಎಂಜಿನ್ ಬಿಚ್ಚಿಸಿ ಮಾರಿದೆವು. ಎಂಜಿನ್ ಇಲ್ಲದೆ, ಹೊಳೆ ಸಮುದ್ರ ಸೇರುವ ಅಳಿವೆಯನ್ನು ಆ ದೋಣಿ ದಾಟುವುದಿಲ್ಲ. ಅಪ್ಪ ಮನೆಯಲ್ಲಿರುತ್ತಾನೆ, ನನಗೆ ನಿದ್ದೆ ಬರುತ್ತದೆ, ಅಷ್ಟೇ. ದೋಣಿ ಹೊಳೆಯ ದಡದಲ್ಲಿ ತೆಂಗಿನ ಮಡಲು ಹೊದ್ದು ಮಲಗಿತ್ತು.

ಒಂದು ದಿನ ಯಾರಿಗೂ ಹೇಳದೆ ಭಟ್ಕಳದ ಬಸ್ಸು ಹತ್ತಿದೆ. ಗ್ಯಾರೇಜಿನಲ್ಲಿ ನಮ್ಮ ಜೀಪು ಬಾಯಿ ತೆರೆದು ನಿಂತಿತ್ತು, ಹೊಸ ಎಂಜಿನ್ ಸರಪಳಿಯಲ್ಲಿ ನೇತಾಡುತ್ತಿತ್ತು. ಇದು ಹಳೆಯ ಗೇರ್‌ಬಾಕ್ಸಿಗೆ ಕೂರುವುದಿಲ್ಲ, ನಡುವೆ ದಪ್ಪ ಪ್ಲೇಟು ಕೊರೆದು ಹಾಕಬೇಕು, ದೊಡ್ಡ ರೇಡಿಯೇಟರ್ ಬೇಕು, ವೈರಿಂಗ್ ಪೂರಾ ಬೇರೆ ಎಂದು ಮೆಕ್ಯಾನಿಕ್ ವಿವರಿಸಿದ. ಎಲ್ಲಕ್ಕೂ ಹೂಂಗುಟ್ಟಿದೆ.

"ಅದೆಲ್ಲ ಇರ್ಲಿ ಭಾಯಿ, ಹಳೇ ಎಂಜಿನ್ ಎಲ್ಲಿ?"

"ಹಳೇದಾ? ಅದು... ನಿಮ್ಮ ತಮ್ಮ ತಕೊಂಡು ಹೋದ್ರಲ್ಲ ಅಕ್ಕ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ. ಆಮೇಲೆ ಜೊತೆಗಾರನಿಗೆ, ಕೊಂಕಣಿಯನ್ನೇ ಹೋಲುವ ನವಾಯತಿ ಮಾತಿನಲ್ಲಿ ಏನೋ ಹೇಳಿದ. ಪೇಟೆಯಲ್ಲಿ ಕೊಂಕಣಿ ಕೇಳುತ್ತ ಬೆಳೆದ ನನಗೆ ಅರ್ಧ ತಿಳಿಯಿತು: ಇವಳು ಮಗಳು, ಇವಳಿಗೆ ಹೇಳಬೇಡ. ಅವನ ಗಿರಾಕಿ ನನ್ನ ತಮ್ಮ. ನಾನು ಅಕ್ಕನಾಗಬೇಕಿತ್ತು, ಮಗಳು ಯಾಕಾದೆ? ಅದು ಆಗ ಹೊಳೆಯಲಿಲ್ಲ. ಕಳ್ಳ ಸಿಕ್ಕಿದ ಎಂಬ ಖುಷಿಯಲ್ಲಿದ್ದೆ.

ಮನೆಗೆ ಬಂದು ತಮ್ಮನನ್ನು ಹಿಡಿದೆ. "ನಾ ಎಂತಕ್ಕೆ ತರ್ಲಿ ಅಕ್ಕ? ಅವನೇ ಗುಜರಿಗೆ ಹಾಕ್ತೆ ಅಂದಿದ್ದ" ಎಂದ. ಇಬ್ಬರಲ್ಲಿ ಒಬ್ಬ ಸುಳ್ಳ. ಇಬ್ಬರೂ ಸೇರಿ ಮಾರಿಕೊಂಡಿರಬಹುದು ಎಂದೂ ಅನಿಸಿತು. ಅಪ್ಪನಿಗೆ ದೂರು ಹೇಳಿದರೆ ಅವನು ಪೇಪರಿನಿಂದ ತಲೆ ಎತ್ತಲಿಲ್ಲ.

"ಹೋದ್ದು ಹೋತು. ಬಿಡೆ" ಎಂದ.

ಜೀಪು ಬಂತು. ಊರಿನ ನಾಯಿಗಳೆಲ್ಲ ಬೊಗಳುವಂತೆ ಗರ್ಜಿಸಿಕೊಂಡು ಬಂತು. ಜೀಪಿನ ಪೂಜೆಗೆ ಇಡಗುಂಜಿಯ ಗಣಪತಿ ಗುಡಿಗೆ ಹೊರಟೆವು. ಸೊಂಟ ನೋವೆಂದು ಅಪ್ಪ ಏಳಲಿಲ್ಲ. "ಬರುವಾಗ ಒಂದ್ ಮಾಲೆ ಜಾಸ್ತಿ ತನ್ನಿ, ನಿಮ್ಮಮ್ಮನ ಫೋಟಕ್ಕೆ" ಎಂದ. ತಂದುಕೊಟ್ಟೆ. ಮರುದಿನ ನೋಡಿದರೆ ಫೋಟೋಕ್ಕೆ ಮಾಲೆಯಿಲ್ಲ.

"ಎಲ್ಲಿ ಮಾಲೆ?"

"ಇಲಿ ಎಳ್ಕಂಡ್ ಹೋಗಿರ್ಬೇಕು."

ಗಣಪತಿಯ ಮಾಲೆ, ಅವನ ಇಲಿ ಬಿಟ್ಟೀತೇ ಎಂದು ನಕ್ಕ ತಮ್ಮ. ನನಗೆ ನಗು ಬರಲಿಲ್ಲ.

ಆ ವಾರ ಒಗೆಯಲೆಂದು ಅಪ್ಪನ ಪಂಚೆ ಎತ್ತಿಕೊಂಡೆ. ಡೀಸೆಲ್ ನಾತ. ಅದನ್ನು ಕೈಯಲ್ಲಿ ಹಿಡಿದು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ಮನೆಯ ಜೀಪು ಈಗ ಪೆಟ್ರೋಲಿನದು. ಅಪ್ಪನಿಗೆ ಡೀಸೆಲ್ ಎಲ್ಲಿಂದ ಮೆತ್ತಿತು?

ಮೀನು ಹರಾಜಿಗೆಂದು ನಾನು ದಿನವೂ ಬೆಳಕು ಹರಿಯುವ ಮೊದಲೇ ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಹೋಗುವವಳು, ತಮ್ಮ ಬಿಸಿಲೇರುವ ತನಕ ಏಳದವನು. ನಡುವಿನ ಹೊತ್ತಿನಲ್ಲಿ ಅಪ್ಪ ಏನು ಮಾಡುತ್ತಾನೆಂದು ನೋಡಿದವರಿಲ್ಲ. ಮರುದಿನ ದಕ್ಕೆಗೆ ಹೊರಟಂತೆ ಮಾಡಿ, ಸ್ವಲ್ಪ ಹೊತ್ತು ಕಳೆದು, ಅರ್ಧ ದಾರಿಯಿಂದ ಹೊಳೆಯ ದಡಕ್ಕೆ ತಿರುಗಿದೆ. ಮಡಲು ಬದಿಗೆ ರಾಶಿ ಬಿದ್ದಿತ್ತು. ದೋಣಿ ಇರಲಿಲ್ಲ.

ಆಗ ನೀರಿನ ಕಡೆಯಿಂದ ಕೇಳಿತು. ಎರಡು ಸಲ ಕೆಮ್ಮು, ಒಮ್ಮೆ ಮೌನ, ಆಮೇಲೆ ಧಡಧಡ. ಅಪ್ಪ ಹುಟ್ಟು ಹಾಕಿ ದೂರ ಹೋಗಿ, ಮನೆಗೆ ಕೇಳದ ಕಡೆ ಶುರು ಮಾಡಿದ್ದ. ನಮ್ಮ ಜೀಪು ಶರಾವತಿಯ ಮೇಲೆ ಅಳಿವೆ ಕಡೆಗೆ ಹೋಗುತ್ತಿತ್ತು. ಅಲ್ಲೇ ಮಡಲಿನ ರಾಶಿಯ ಮೇಲೆ ಕೂತೆ. ಬರುವ ತನಕ ಏಳಲಿಲ್ಲ.

ಬಂದ. ದೋಣಿಯ ಮೂತಿಗೆ ಇಡಗುಂಜಿಯ ಮಾಲೆ ಬಾಡಿ ಅಂಟಿಕೊಂಡಿತ್ತು. ಬಾಯಿಗೆ ಬಂದಂತೆ ಬೈದೆ, ಅತ್ತೆ, ಮತ್ತೆ ಬೈದೆ. ಗ್ಯಾರೇಜಿನವನಿಗೆ ಗುಟ್ಟಾಗಿ ಫೋನು ಮಾಡಿ, ಮೀನಿನ ಟೆಂಪೋದಲ್ಲಿ ಜೀಪಿನ ಹಳೆಯ ಎಂಜಿನ್ ತರಿಸಿ, ಹಳೆಯ ಗೆಳೆಯರ ಕೈಯಲ್ಲಿ ದೋಣಿಗೆ ಕೂರಿಸಿಕೊಂಡಿದ್ದನಂತೆ. ನಾವು ಇಡಗುಂಜಿಗೆ ಹೋದ ದಿನವೇ ಮೊದಲ ಸಲ ನೀರಿಗಿಳಿಸಿದ್ದು. ತಮ್ಮನಿಗೆ ಅಷ್ಟು ಬೇಗ ಒಪ್ಪಿದ್ದು ಇದಕ್ಕೆ.

"ಇದನ್ನೂ ಬಿಚ್ಸಿ ಮಾರ್ತೆ ನೋಡು" ಎಂದೆ.

"ಮಾರು. ಆ ಸಲವೂ ನನ್ನ ಕೇಳಿ ಮಾರ್ಲಿಲ್ಲ" ಎಂದ ಅಪ್ಪ. "ಡಾಕ್ಟ್ರು ಒಬ್ನೇ ಹೋಗ್ಬೇಡ ಅಂದ್ರು. ಹೋಗ್ಬೇಡ ಅನ್ಲಿಲ್ಲ. ನನ್ ಸಂಗ್ತಿ ಬರುಕೆ ಯಾರಿದ್ರು?"

ನಮ್ಮಲ್ಲಿ ಹೆಂಗಸರು ಮೀನು ಮಾರುತ್ತಾರೆ, ಹಿಡಿಯಲು ಹೋಗುವುದಿಲ್ಲ. ಮರುದಿನ ಹರಾಜಿಗೆ ಹೋಗಲಿಲ್ಲ. ಸೀರೆ ಎತ್ತಿ ಕಟ್ಟಿ ದೋಣಿ ಹತ್ತಿ ಕೂತೆ. ಅಪ್ಪ ನೋಡಿದ, ಸರಿದು ಜಾಗ ಬಿಟ್ಟ. ಸಮುದ್ರದಲ್ಲಿ ಎಳೆದ ಬಲೆಯಲ್ಲಿ ಬಂಗಡೆ ಇನ್ನೂ ಹಾರುತ್ತಿತ್ತು. ನನ್ನ ಕೈ ತಾನಾಗಿ ಒಂದರ ಕಿವಿರು ಎತ್ತಿತು.

"ಈಗ ನೀರಿಂದ ಬಂದದ್ದೇ, ಅದನ್ನೂ ನಂಬುದಿಲ್ವಾ?" ಎಂದು ಅಪ್ಪ ಬಿದ್ದು ಬಿದ್ದು ನಕ್ಕ.

ತಿರುಗಿ ಅಳಿವೆ ದಾಟುವಾಗ ನಗು ನಿಂತಿತ್ತು. ಎಂಜಿನ್ ಮೇಲೆ ಕೈಯಿಟ್ಟುಕೊಂಡು ಹೇಳಿದ: "ಇಷ್ಟ್ ದಿನ ಇಲ್ಲಿಗ್ ಬಂದ್ರೆ ಹೆದ್ರಿಕೆ ಆಗ್ತಿತ್ತು ಮಗಾ. ಇವತ್ ಆಗ್ಲಿಲ್ಲ."

ಅದು ನಿಜವೋ, ನನ್ನ ಬಾಯಿ ಮುಚ್ಚಿಸಲು ಹೇಳಿದ್ದೋ, ಇವತ್ತಿಗೂ ತಿಳಿಯದು. ಅವತ್ತಿನಿಂದ ದಿನವೂ ಅವನ ಜೊತೆ ಹೋಗುತ್ತಿದ್ದೇನೆ.