ಹನಿಯಮ್ಮನ ಎಡಗೈ

ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಹನಿಯಮ್ಮ. ಆ ಹೆಸರಿಟ್ಟವರು ಪ್ರಾಣಿಮನೆಯ ಡಾಕ್ಟರು. ಇಲಿಗಳ ಆರೋಗ್ಯ ನೋಡಿಕೊಳ್ಳುವುದು, ಅವುಗಳ ರಕ್ತ ತೆಗೆದು ಪುಟ್ಟ ನಳಿಕೆಗಳಲ್ಲಿ ತುಂಬಿ, ಮಂಜುಗಡ್ಡೆಯ ಮೇಲಿಟ್ಟು ಅವಳ ಕೋಣೆಗೆ ತಲುಪಿಸುವುದು ಆ ಧಡೂತಿ ಮನುಷ್ಯನ ಕೆಲಸ. ಒಮ್ಮೆ ಒಬ್ಬ ಸಂಶೋಧಕರು ನಳಿಕೆಯೊಂದನ್ನು ಉರುಳಿಸಿ, "ಬಿಡಿ, ಒಂದು ಹನಿ ತಾನೇ" ಅಂದುಬಿಟ್ಟಿದ್ದರು. ಅವಳು ಕೆಂಡವಾದಳು. "ಒಂದು ಹನಿ ತಾನೇ ಅಂದ್ರೆ ಏನ್ರೀ ಅರ್ಥ? ಅದಕ್ಕೆ ಅಂತ ಒಂದು ಜೀವ ಹೋಗಿದೆ." ಬಾಗಿಲಲ್ಲಿ ನಿಂತಿದ್ದ ಡಾಕ್ಟರು ಕೈಮುಗಿದು, "ಹನಿಯಮ್ಮಾ, ನನ್ನ ಇಲಿಗಳ ಪರವಾಗಿ ನಿಮಗೊಂದು ನಮಸ್ಕಾರ" ಅಂದರು. ಅಂದಿನಿಂದ ಅದೇ ಹೆಸರು ಅಂಟಿಕೊಂಡಿತು.

ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಅಲ್ಲ. ಮೈಗೆ ಸೋಂಕು ತಗುಲಿದಾಗ ರಕ್ಷಣೆಯ ಕಣಗಳು ಒಂದನ್ನೊಂದು ಕೂಗಿ ಕರೆಯುತ್ತವೆ. ಬಾಯಿಂದಲ್ಲ, ಸೈಟೊಕೈನ್ ಎಂಬ ಸಣ್ಣ ಪ್ರೋಟೀನುಗಳಿಂದ. ಕೂಗು ಹದವಾಗಿದ್ದರೆ ರೋಗ ವಾಸಿಯಾಗುತ್ತದೆ. ವಿಪರೀತವಾದರೆ ಆ ಗಲಾಟೆಯೇ ದೇಹವನ್ನು ಕೆಡಿಸುತ್ತದೆ. ಇಲಿಯ ರಕ್ತದಿಂದ ಬೇರ್ಪಡಿಸಿದ ತಿಳಿದ್ರವವಾದ ಸೀರಮ್ಮಿನಲ್ಲಿ ಆ ಕೂಗು ಎಷ್ಟಿದೆ ಎಂದು ಅಳೆಯುವುದು ಹನಿಯಮ್ಮನ ಪಾಲಿಗೆ ಬಂದ ಉದ್ಯೋಗ. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟಿನಲ್ಲಿ ತೊಂಬತ್ತಾರು ಪುಟ್ಟ ಕುಳಿಗಳು. ಪ್ರತಿ ಕುಳಿಯ ತಳಕ್ಕೂ ಆ ಪ್ರೋಟೀನನ್ನು ಮಾತ್ರ ಹಿಡಿಯುವ ಪ್ರತಿಕಾಯ ಬಳಿದಿರುತ್ತದೆ. ಹನಿ ಅಳೆದು ಬಿಡುವ ಪಿಪೆಟ್ಟಿನಿಂದ ಸೀರಮ್ ಬಿಡಬೇಕು, ತೊಳೆಯಬೇಕು, ಇನ್ನೊಂದು ಪ್ರತಿಕಾಯ ಬಿಡಬೇಕು, ಮತ್ತೆ ತೊಳೆಯಬೇಕು. ಕೊನೆಗೆ ಬಣ್ಣ ಬರಿಸುವ ದ್ರವ ಹಾಕಿದರೆ ಕುಳಿ ನೀಲಿಯಾಗುತ್ತದೆ, ಅದರ ಮೇಲೆ ಆಮ್ಲ ಬಿದ್ದರೆ ಹಳದಿ. ಹಳದಿ ಗಾಢವಾದಷ್ಟೂ ಪ್ರೋಟೀನ್ ಹೆಚ್ಚು. ಒಂದೇ ಸೀರಮ್ಮನ್ನು ಅಕ್ಕಪಕ್ಕದ ಎರಡು ಕುಳಿಗೆ ಹಾಕುವುದು ಪದ್ಧತಿ. ಎರಡೂ ಒಂದೇ ಬಣ್ಣ ತೋರಿಸಿದರೆ ಕೈ ನೆಟ್ಟಗಿದೆ ಎಂದರ್ಥ. ಹನಿಯಮ್ಮನ ಜೋಡಿಗಳು ಅವಳಿ ಮಕ್ಕಳ ಹಾಗೆ ಬರುತ್ತಿದ್ದವು. ಪ್ಲೇಟ್ ನೋಡಿಯೇ, "ಇದು ಅವರದ್ದೇ" ಎಂದು ಜನ ಗುರುತಿಸುತ್ತಿದ್ದರು.

ಅಂಥ ಕೈ ಒಂದು ಬೆಳಗ್ಗೆ ಮುರಿಯಿತು. ಒರೆಸಿ ಒಣಗದ ಮೆಟ್ಟಿಲ ಮೇಲೆ ಅವಳ ಕಾಲು ಜಾರಿತು. ಬೀಳುವಾಗ ಬಲಗೈ ಊರಿದಳು, ಮಣಿಕಟ್ಟು ಲಟಕ್ಕೆಂದಿತು. ಮೂಳೆ ಕೂಡಿಕೊಂಡಿತು, ಪ್ಲಾಸ್ಟರ್ ಬಿಚ್ಚಿದ್ದೂ ಆಯಿತು. ಆದರೆ ಹೆಬ್ಬೆರಳಿಗೆ ಹೋಗುವ ನರಕ್ಕೆ ಪೆಟ್ಟು ಬಿದ್ದಿತ್ತು. ತಟ್ಟೆ ಎತ್ತಬಹುದು, ಬಾಗಿಲು ತೆಗೆಯಬಹುದು. ಪಿಪೆಟ್ಟಿನ ಗುಂಡಿಯನ್ನು ಒಂದೇ ಸಮನೆ ಒತ್ತಿ ಒಂದೇ ಸಮನೆ ಬಿಡುವ ಹೆಬ್ಬೆರಳು ಮಾತ್ರ ಮೊದಲಿನಂತಿರಲಿಲ್ಲ.

ಕೆಲಸಕ್ಕೆ ಮರಳಿದ ಮೇಲೆ ಅವಳು ಮೊದಲು ಮಾಡಿದ್ದು ಪರೀಕ್ಷೆಯ ಪ್ಲೇಟು. ಪ್ರೋಟೀನ್ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಸೀರಮ್ಮನ್ನು ಅಳೆದು ಕೈಯನ್ನು ಒರೆಗೆ ಹಚ್ಚುವ ಪ್ಲೇಟ್ ಅದು. ಹಳದಿ ಮೂಡಿದಾಗ ಅವಳು ಪ್ಲೇಟನ್ನು ಕಣ್ಣಿಗೆ ಹತ್ತಿರ ಹಿಡಿದಳು. ಒಂದು ಕುಳಿ ಅರಿಸಿನದ ಹಾಗೆ, ಪಕ್ಕದ್ದು ನೀರು ಬೆರೆಸಿದ ನಿಂಬೆರಸದ ಹಾಗೆ. ಯಾವ ಜೋಡಿಯೂ ಜೋಡಿಯಾಗಿರಲಿಲ್ಲ.

ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಒರಟು ಮಾತಿನ ಹೆಂಗಸಲ್ಲ. ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ ಮೆಲ್ಲಗೆ ಕೆಳಗಿಟ್ಟರು.

"ಸ್ವಲ್ಪ ದಿನ ವರದಿ ಬರೆಯೋ ಕೆಲಸ ನೋಡ್ಕೊಳ್ಳಿ. ಹೇಗೂ ಹನಿ ಬಿಡೋ ಯಂತ್ರ ಬರ್ತಿದೆಯಲ್ಲ."

"ಸ್ವಲ್ಪ ದಿನ ಅಂದ್ರೆ ಎಷ್ಟು ದಿನ ಮೇಡಂ?"

ಮೇಡಂ ವರದಿಗಳ ಕಡತವನ್ನು ಅವಳ ಕಡೆಗೆ ಸರಿಸಿದರು. ಅದೇ ಉತ್ತರವಾಗಿತ್ತು.

ಆ ಸಂಜೆ ಅವಳು ಮುಖ ಊದಿಸಿಕೊಂಡೇ ಮನೆಗೆ ಬಂದಳು. ಮುಂದಿನ ಕೋಣೆಯಲ್ಲಿ ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಬೀದಿಯ ಅರ್ಧ ಜನರ ಅಂಗಿ ಹೊಲಿಯುವ ದರ್ಜಿ ಆಕೆ, ಹುಟ್ಟಾ ಎಡಚಿ. ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚುತ್ತಾ ಸೊಸೆಯ ಕಥೆಯನ್ನೆಲ್ಲ ಕೇಳಿದರು.

"ಮುಗೀತಾ ನಿನ್ನ ಅಳು?"

"ಮುಗೀಲಿಲ್ಲ ಅತ್ತೆ, ಇನ್ನೂ ಇದೆ."

"ಉಳಿದಿದ್ದನ್ನ ಆಮೇಲೆ ಅತ್ಕೋ. ಬಲಗೈ ಕೆಟ್ಟಿದೆ ಸರಿ. ಎಡಗೈ ಏನು ರಜಾ ಹಾಕಿದೆಯಾ?"

"ಅಯ್ಯೋ, ಈ ಕೈಯಲ್ಲಿ ನಾನು ತಲೆ ಕೂಡ ಬಾಚಿದವಳಲ್ಲ."

"ನಾಳೆಯಿಂದ ಬಾಚು."

ಮರುದಿನದಿಂದ ಮನೆಯಲ್ಲಿ ಹೊಸ ಕಾನೂನು. ಬಾಚಣಿಗೆ, ಬೀಗದ ಕೈ, ಚಮಚ, ಪೆನ್ನು ಎಲ್ಲವೂ ಎಡಗೈಗೆ. ಬಲಗೈ ಮುಂದೆ ಬಂದರೆ ಅತ್ತೆ ಅಳತೆ ಟೇಪಿನ ತುದಿಯಿಂದ ಫಟ್ ಎಂದು ಬಾರಿಸುತ್ತಿದ್ದರು. ಮೊದಲ ವಾರ ಅವಳ ಬೈತಲೆ ಅಂಕುಡೊಂಕಾಗಿ, ಗಂಡ ನಕ್ಕು ನಕ್ಕು ಸುಸ್ತಾದ. ಅತ್ತೆ ಅವನನ್ನೂ ಬಿಡಲಿಲ್ಲ. "ನಗೋದು ಸಾಕು, ಆ ಗುಂಡಿ ಡಬ್ಬಿ ತಗೊಂಡ್ಬಾ." ಸಂಜೆಯೆಲ್ಲ ಅವಳು ಎಡಗೈಯಿಂದ ಸೂಜಿಗೆ ದಾರ ಪೋಣಿಸಿದಳು, ಅಂಗಿಗಳಿಗೆ ಗುಂಡಿ ಹಾಕಿದಳು. ಸಡಿಲವಾದರೆ ಅತ್ತೆ ಮುಲಾಜಿಲ್ಲದೆ ಕಿತ್ತು ಮತ್ತೆ ಕೊಡುತ್ತಿದ್ದರು. ಬೀದಿಯ ಗಿರಾಕಿಗಳಿಗೆ ಇದ್ಯಾವುದೂ ಗೊತ್ತಿರಲಿಲ್ಲ. "ಈಚೆಗೆ ಗುಂಡಿಗಳು ಬಹಳ ಗಟ್ಟಿ ಕೂತಿವೆ" ಎಂದಷ್ಟೇ ಹೇಳಿಹೋಗುತ್ತಿದ್ದರು.

ಪ್ರಯೋಗಾಲಯದಲ್ಲಿ ಊಟದ ಬಿಡುವಿನಲ್ಲಿ ಖಾಲಿ ಪ್ಲೇಟಿಗೆ ಬಣ್ಣದ ನೀರು ಬಿಟ್ಟು ಕೈ ಪಳಗಿಸಿದಳು. ಹನಿಗಳು ಸಮವಾಗತೊಡಗಿದವು. ಒಂದು ದಿನ ಧೈರ್ಯ ಮಾಡಿ ದೊಡ್ಡ ಮೇಡಂ ಮುಂದೆ ನಿಂತಳು.

"ಇನ್ನೊಂದು ಸಲ ನನ್ನ ಕೈ ಪರೀಕ್ಷೆ ಮಾಡಿ ಮೇಡಂ. ಈ ಕೈನ."

ಮೇಡಂ ಅವಳ ಎಡಗೈಯನ್ನೇ ಕ್ಷಣಕಾಲ ನೋಡಿದರು. "ಮೂರು ಪ್ಲೇಟ್ ಮಾಡಿ. ಮೂರೂ ಸರಿ ಬಂದ್ರೆ ನಿಮ್ಮ ಜಾಗ ನಿಮಗೇ."

ಮೊದಲನೆಯದೇ ಕೈಕೊಟ್ಟಿತು. ಜೋಡಿಗಳೇನೋ ಚೆನ್ನಾಗಿ ಕೂಡಿದ್ದವು, ಆದರೆ ಬಣ್ಣದ ಅಳತೆಯಿಂದ ಬರೆಯುವ ಗ್ರಾಫ್ ಏರಬೇಕಾದಲ್ಲಿ ಹುಚ್ಚುಹುಚ್ಚಾಗಿ ಕುಣಿದಿತ್ತು. ಕಾರಣ ಹುಡುಕಿದರೆ ನಗಬೇಕೋ ಅಳಬೇಕೋ ತಿಳಿಯದ ಸ್ಥಿತಿ. ಪ್ರೋಟೀನ್ ಎಷ್ಟೆಂದು ಗೊತ್ತಿದ್ದು ಅಳತೆಗೋಲಾಗಿ ಇಡುವ ದ್ರಾವಣಗಳನ್ನು ಪ್ಲೇಟಿನ ಎಡತುದಿಯಲ್ಲಿ ಹಾಕಬೇಕಿತ್ತು. ಎಡಗೈ ತನಗೆ ಹತ್ತಿರವೆನಿಸಿದ ದಿಕ್ಕಿಗೆ ಪ್ಲೇಟನ್ನು ತಿರುಗಿಸಿಕೊಂಡು, ಅವನ್ನೆಲ್ಲ ಬಲತುದಿಗೆ ತುಂಬಿಸಿಬಿಟ್ಟಿತ್ತು.

"ಏನು ಹನಿಯಮ್ಮಾ, ಕನ್ನಡಿ ನೋಡ್ಕೊಂಡು ಮಾಡಿದ್ರಾ?" ಎಂದರು ಪ್ರಾಣಿಮನೆಯ ಡಾಕ್ಟರು.

ಎಲ್ಲರ ಜೊತೆ ಅವಳೂ ನಕ್ಕಳು. ಮನೆಗೆ ಬಂದು ಅತ್ತೆಯ ಮುಂದೆ ಮಾತ್ರ, "ನನ್ನಿಂದ ಆಗಲ್ಲ, ಬಿಟ್ಟುಬಿಡ್ತೀನಿ" ಅಂದಳು.

ಅತ್ತೆ ಬೈಯಲಿಲ್ಲ. "ನಿನ್ನ ಮೇಜಿನ ಮೇಲೆ ಯಾವ್ಯಾವುದು ಎಲ್ಲೆಲ್ಲಿರುತ್ತೆ, ಇಲ್ಲೇ ಇಟ್ಟು ತೋರಿಸು" ಅಂದರು. ಅವಳು ದಾರದ ಉಂಡೆಯನ್ನು ನಳಿಕೆಗಳ ಸ್ಟ್ಯಾಂಡಾಗಿಯೂ ಗುಂಡಿ ಡಬ್ಬಿಯನ್ನು, ಪ್ರತಿ ಸಲ ಬದಲಿಸುವ ಪಿಪೆಟ್ ತುದಿಗಳ ಪೆಟ್ಟಿಗೆಯಾಗಿಯೂ ಇಟ್ಟು ತೋರಿಸಿದಳು. ಎಲ್ಲವೂ ಬಲಕ್ಕೆ. ಎಡಗೈ ಪ್ರತಿ ಸಲವೂ ಪ್ಲೇಟಿನ ಮೇಲೆ ಹಾದು, ಕಣ್ಣಿಗೆ ಅಡ್ಡ ಬಂದು, ಆಚೆ ಬದಿಗೆ ಹೋಗಬೇಕಿತ್ತು.

"ಅಲ್ವೇ, ಕೈ ಬದಲಾಯಿಸಿದೆ, ಮೇಜು ಬದಲಾಯಿಸ್ಲಿಲ್ವಲ್ಲೇ!" ಅತ್ತೆ ತಲೆ ಚಚ್ಚಿಕೊಂಡರು. "ನಾನು ಬೇರೆಯವರ ಕತ್ತರಿಯಲ್ಲಿ ಕತ್ತರಿಸಿದ್ರೆ ಬಟ್ಟೆ ಹಿಂಜಿಹೋಗುತ್ತೆ. ಅದಕ್ಕೇ ಎಡಗೈ ಕತ್ತರಿ ಮಾಡಿಸ್ಕೊಂಡಿದ್ದು. ಎಲ್ಲಾನೂ ಆ ಕಡೆಗೆ ಇಡು."

ಮಾರನೆಯ ದಿನ ಹನಿಯಮ್ಮ ಮೂರು ಪ್ಲೇಟನ್ನು ಮೊದಲಿನಿಂದ ಮಾಡಲು ಮೇಡಂ ಒಪ್ಪಿಗೆ ಪಡೆದು, ತನ್ನ ಮೇಜನ್ನು ತಿರುಗುಮುರುಗು ಮಾಡಿದಳು. ತುದಿಗಳ ಪೆಟ್ಟಿಗೆ ಎಡಕ್ಕೆ ಬಂತು, ಕಸದ ಡಬ್ಬಿಯೂ ದೀಪವೂ ಅದರ ಹಿಂದೆಯೇ ಬಂದವು. ಪ್ಲೇಟಿನ ಎಡಮೂಲೆಗೆ ಕೆಂಪು ಮಸಿಯಲ್ಲಿ ಒಂದು ಚುಕ್ಕೆ ಇಟ್ಟಳು. ಕೂತು ಪಿಪೆಟ್ ಹಿಡಿದಾಗ ಅವಳಿಗೇ ಆಶ್ಚರ್ಯವಾಯಿತು. ಇಷ್ಟು ದಿನ ಪರರ ಮನೆಯಲ್ಲಿದ್ದಂತೆ ಮುದುಡಿಕೊಂಡಿದ್ದ ಕೈ ಈಗ ತನ್ನ ಮನೆಗೆ ಬಂದಂತೆ ಹಗುರಾಗಿ ಓಡಾಡುತ್ತಿತ್ತು. ಪ್ಲೇಟು ಸರಿಬಂತು. ಅದರ ಮುಂದಿನದೂ, ಅದರ ಮುಂದಿನದೂ. ಮೂರನೆಯದನ್ನು ಬಣ್ಣ ಅಳೆಯುವ ಯಂತ್ರ ಓದಿ ಮುಗಿಸಿದಾಗ ದೊಡ್ಡ ಮೇಡಂ ಅಂಕಿಗಳ ಮೇಲೆ ಬೆರಳಾಡಿಸಿ, "ನಿಮ್ಮ ಬಲಗೈಗಿಂತ ಒಂದು ಕೂದಲೆಳೆ ಮೇಲೆಯೇ ಇದೆಯಲ್ರೀ!" ಎಂದು ಜೋರಾಗಿ ನಕ್ಕುಬಿಟ್ಟರು.

ಅಷ್ಟರಲ್ಲಿ ಇಡೀ ವಿಭಾಗ ಕಾಯುತ್ತಿದ್ದ ಕೆಲಸ ಬಂತು. ಹಸುಗೂಸುಗಳ ರಕ್ತಕ್ಕೆ ಸೋಂಕು ತಗುಲಿದಾಗ ಏಳುವ ಉರಿಯೂತವನ್ನು ತಗ್ಗಿಸಬಹುದೇ ಎಂದು ಒಂದು ಹೊಸ ಔಷಧವನ್ನು ಸೋಂಕು ತಗುಲಿಸಿದ ಇಲಿಮರಿಗಳಲ್ಲಿ ನೋಡಬೇಕಿತ್ತು. ಮರಿಗಳು ಬೆರಳ ತುದಿಯಷ್ಟು. ಒಂದೊಂದರಿಂದ ಸಿಗುವ ಸೀರಮ್ ಒಂದು ಹನಿಗಿಂತ ಕಡಿಮೆ. ಹನಿ ಬಿಡುವ ಹೊಸ ಯಂತ್ರ ಬಂದು ಕೂತಿತ್ತು ನಿಜ, ಆದರೆ ನಳಿಕೆಯ ತಳದಲ್ಲಿ ಸ್ವಲ್ಪ ದ್ರವ ಉಳಿಸದೆ ಅದು ಹೀರಲಾರದು. ಮರಿಗಳ ಪಾಲಿಗೆ ಆ ಉಳಿಕೆಯೇ ಇಡೀ ಆಸ್ತಿ. ಯಂತ್ರವೇ ಬೇಕೆಂದರೆ ಇನ್ನಷ್ಟು ಮರಿಗಳನ್ನು ಬಲಿಕೊಡಬೇಕಿತ್ತು.

"ನನ್ನಿಂದ ಇನ್ನೊಂದು ಮರಿ ಕೇಳ್ಬೇಡಿ" ಎಂದರು ಡಾಕ್ಟರು. ಯಾವಾಗಲೂ ತಮಾಷೆ ಮಾಡುವ ಮನುಷ್ಯನ ಮುಖದಲ್ಲಿ ಆ ದಿನ ತಮಾಷೆ ಇರಲಿಲ್ಲ.

"ಕೇಳಲ್ಲ ಡಾಕ್ಟ್ರೇ. ಇರೋದ್ರಲ್ಲೇ ಮಾಡ್ತೀನಿ" ಎಂದಳು ಹನಿಯಮ್ಮ.

ಯಾವ ಮರಿಗೆ ಔಷಧ ಸಿಕ್ಕಿದೆ, ಯಾವುದಕ್ಕೆ ಬರೀ ಉಪ್ಪುನೀರು ಎಂಬುದು ಡಾಕ್ಟರಿಗೆ ಮಾತ್ರ ಗೊತ್ತಿತ್ತು. ಅಳೆಯುವವರ ಮನಸ್ಸು ಅಳತೆಯೊಳಗೆ ನುಸುಳಬಾರದೆಂದು ಹಾಗೆ ಮಾಡುವುದು. ಬೆಳಗಿನ ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಅವಳು ಕೈಗವಸು ತೊಟ್ಟು ಕೂತಳು. ಸೀರಮ್ಮನ್ನು ತೆಳುವಾಗಿಸಿ, ನೊರೆ ಬರದಂತೆ ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಕುಳಿಯ ಗೋಡೆಗೆ ತಾಗಿಸಿ ಬಿಟ್ಟಳು. ಉಸಿರೂ ಲೆಕ್ಕ ಹಾಕಿ ಬಿಡುವವಳಂತೆ ಕಾಣುತ್ತಿದ್ದಳು. ಪಕ್ಕದ ಮೇಜಿನಲ್ಲಿ ಯಾರೋ ಸೀನು ಬಂದರೂ ತಡೆದುಕೊಂಡು ಹೊರಗೆ ಓಡಿದರು. ಕೊನೆಯ ನಳಿಕೆ ಖಾಲಿಯಾದಾಗ ಒಂದು ಹನಿಯೂ ಪೋಲಾಗಿರಲಿಲ್ಲ.

ಮಧ್ಯಾಹ್ನ ಬಣ್ಣದ ದ್ರವ ಬಿತ್ತು. ಕುಳಿಗಳು ನೀಲಿಗಟ್ಟತೊಡಗಿದವು, ಆದರೆ ಎಲ್ಲವೂ ಅಲ್ಲ. ಆಮ್ಲ ಬಿಟ್ಟಾಗ ಕೆಲವು ಜೋಡಿಗಳು ಬೆಂಕಿಯಂಥ ಹಳದಿಯಾದವು, ಉಳಿದ ಜೋಡಿಗಳು ಹಳದಿಯೋ ಅಲ್ಲವೋ ಎಂಬಷ್ಟು ತಿಳಿ. ಜೋಡಿ ಜೋಡಿಗೆ ಎಲ್ಲಿಯೂ ವ್ಯತ್ಯಾಸವಿಲ್ಲ. ಬಣ್ಣ ಅಳೆಯುವ ಯಂತ್ರ ಓದಿತು. ದೊಡ್ಡ ಮೇಡಂ ತಾವೇ ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಮರಿಯ ಸಂಖ್ಯೆಗೆ ಬೆರಳಿಟ್ಟು ಅದರ ಬಣ್ಣ ಕೂಗಿದರು. ಡಾಕ್ಟರು ಉತ್ತರ ಕೊಡುತ್ತಾ ಹೋದರು.

"ಇದು ಗಾಢ."

"ಉಪ್ಪುನೀರು."

"ಇದು ತಿಳಿ."

"ಔಷಧ."

"ಇದೂ ತಿಳಿ."

"ಔಷಧ!" ಡಾಕ್ಟರ ದನಿ ಏರುತ್ತಿತ್ತು.

ಕೊನೆಯವರೆಗೂ ಒಂದೂ ತಪ್ಪಲಿಲ್ಲ. ತಿಳಿಯಾದ ಪ್ರತಿ ಜೋಡಿಯೂ ಔಷಧ ಸಿಕ್ಕ ಮರಿಯದ್ದು. ಸೋಂಕಿನ ಗಲಾಟೆ ಆ ಪುಟ್ಟ ಮೈಗಳಲ್ಲಿ ತಣ್ಣಗಾಗಿತ್ತು. ಆಮೇಲೆ ಡಾಕ್ಟರು ಆ ದೊಡ್ಡ ದೇಹದೊಂದಿಗೆ ಕುಣಿದೇಬಿಟ್ಟರು. ಕಾರಿಡಾರಿನವರೆಲ್ಲ ಏನಾಯಿತೆಂದು ಓಡಿಬಂದರು, ಚಪ್ಪಾಳೆ ಬಿತ್ತು. ದೊಡ್ಡ ಮೇಡಂ ಹನಿಯಮ್ಮನ ಭುಜ ಹಿಡಿದು, "ಮುಂದಿನ ಹಂತದ ಅಳತೆಯೆಲ್ಲ ನಿಮ್ಮ ಉಸ್ತುವಾರಿಯಲ್ಲೇ ನಡೀಬೇಕು. ಬೇಡ ಅಂದ್ರೆ ನಾನು ಕೇಳಲ್ಲ" ಅಂದರು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು.

ಆಮೇಲೆ ಕಿಟಕಿಯ ಬಳಿ ಹೋಗಿ ಮನೆಗೆ ಫೋನ್ ಮಾಡಿದಳು. ಗಂಡ ಎತ್ತಿಕೊಂಡ.

"ರೀ, ಆಯ್ತು! ಆ ಮರಿಗಳದ್ದು ಹಳದಿ ಬರ್ಲೇ ಇಲ್ಲ ಕಣ್ರೀ!"

"ಅಯ್ಯೋ ಪಾಪ, ಬರ್ಲಿಲ್ವಾ? ಹೋಗ್ಲಿ ಬಿಡೇ, ಬೇಜಾರು ಮಾಡ್ಕೋಬೇಡ. ಇನ್ನೊಂದು ಸಲ ಮಾಡಿದ್ರಾಯ್ತು."

"ಬೇಜಾರಲ್ಲ ರೀ, ಬರದೇ ಇದ್ದದ್ದೇ ಗೆಲುವು! ಅತ್ತೆಗೆ ಕೊಡಿ ಫೋನು, ಅವರಿಗೆ ಅರ್ಥವಾಗುತ್ತೆ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.