ಹಾರ್ಮೋನಿಯಂ ತಾತನ ಎರಡು ಸಮಾಧಿಗಳು

ಓದುವ ಎಲ್ಲರಿಗೂ ನಮಸ್ಕಾರ. ನಾನು ಒಂದನೇ ಕ್ಲಾಸಿಗೆ ಸೇರಿದ್ದೇ ಹನ್ನೊಂದನೇ ವಯಸ್ಸಿನಲ್ಲಿ. ಹಾಗಾಗಿ ಅಕ್ಷರಗಳಿಗೂ ನನಗೂ ಈಗಲೂ ಅಷ್ಟು ಸಲಿಗೆಯಿಲ್ಲ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಹತ್ತು ಹನ್ನೆರಡು ದಿನ ಕೂತು ಬರೆದಿದ್ದೇನೆ. ಒತ್ತು, ದೀರ್ಘ ಎಲ್ಲಾದರೂ ತಪ್ಪಿದ್ದರೆ ನಿಮ್ಮ ಮನೆಯವನೇ ಎಂದುಕೊಂಡು ಮನ್ನಿಸಬೇಕು.

ಹೋದ ತಿಂಗಳು ಚಿಂತಾಮಣಿಯಲ್ಲಿ ಒಂದು ಸಣ್ಣ ಅಂಗಡಿಯ ಮುಂದೆ ಹೋಗುತ್ತಿದ್ದೆ. ಒಳಗೆ ಒಬ್ಬರು ಹಳೆಯ ಹಾರ್ಮೋನಿಯಂ ಬಿಚ್ಚಿಟ್ಟುಕೊಂಡು ಅದರ ತಿದಿಗೆ ಹೊಸ ಚರ್ಮ ಅಂಟಿಸುತ್ತಿದ್ದರು. ಹಳೆ ಚರ್ಮ, ಬಿಸಿ ಮರವಜ್ರದ ಅಂಟು, ಯಾವ ಕಾಲದಲ್ಲೋ ಬೆರಳಿಟ್ಟು ಒತ್ತುವ ಮನೆಗಳ ಸಂದಿಗೆ ಉದುರಿದ ನಶ್ಯ, ಇವೆಲ್ಲ ಸೇರಿದ ಒಂದು ವಾಸನೆ ಬಂತು ನೋಡಿ, ನಾನು ಬಂದ ಕೆಲಸ ಮರೆತು ನಿಂತುಬಿಟ್ಟೆ. ಅಂಗಡಿಯವರು “ಏನ್ ಬೇಕಿತ್ತು ಸಾರ್?” ಅಂದರು. ನಮ್ಮ ತಾತನ ವಾಸನೆ ಬಂತು, ಅದಕ್ಕೇ ನಿಂತೆ ಎಂದು ಹೇಳಲು ನಾಚಿಕೆಯಾಗಿ, “ಇದು ಯಾವೂರ್ದು?” ಅಂದೆ. “ಊರೆಲ್ಲ ಯಾಕೆ ಸಾರ್, ಇಲ್ಲೇ ಐತಲ್ಲ ನೋಡಿ” ಅಂದರು. ನೋಡಿದೆ. ನೋಡುತ್ತಾ ನೋಡುತ್ತಾ ಸಾದಲಿ ಹತ್ತಿರದ ನಮ್ಮ ಹಳ್ಳಿಯ ಆ ಮನೆ, ಅಜ್ಜಿಯ ಬೈಗುಳ, ಎಲ್ಲ ಎದ್ದು ಬಂದವು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಒಳ್ಳೆ ಗಾಳಿ ಆಡುವ ಜಾಗವೆಲ್ಲ ಹುಳುಗಳಿಗೆ. ಎರಡನೇ ಒಳ್ಳೆ ಜಾಗ, ಕಾಲಿನಲ್ಲಿ ತಿದಿ ಒತ್ತಿ ನುಡಿಸುವ ತಾತನ ಕಾಲು ಹಾರ್ಮೋನಿಯಂಗೆ. ಉಳಿದದ್ದರಲ್ಲಿ ಅಜ್ಜಿ, ಅಮ್ಮ, ನಾನು ಮೈ ಮುದುರಿಕೊಂಡು ಇರುತ್ತಿದ್ದೆವು. ತಾತ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಸುತ್ತ ಅವನಿಂದ ಬಣ್ಣ ಹಚ್ಚಿಸಿಕೊಳ್ಳದ ಹಳ್ಳಿ ಕಡಿಮೆ. ಕೈ ಅಡ್ಡ ಹಾಕದಿದ್ದರೂ ಬಸ್ಸು ನಿಲ್ಲುತ್ತಿದ್ದುದು ನಮ್ಮ ಕಡೆ ಇಬ್ಬರಿಗೆ ಮಾತ್ರ, ಒಬ್ಬರು ಬಸ್ ಓನರು, ಇನ್ನೊಬ್ಬ ನಮ್ಮ ತಾತ. ಹಾರ್ಮೋನಿಯಂ ಬಸ್ಸಿನ ಟಾಪ್ ಮೇಲೆ ಕಂಬಳಿ ಹೊದ್ದು ಮಲಗಿ ಬರುತ್ತಿತ್ತು, ತಾತ ಒಳಗೆ ಕೂತು ಪ್ರತಿ ಹಳ್ಳಕ್ಕೂ ಮೇಲೆ ನೋಡುತ್ತಿದ್ದ. ಮನೆಗೆ ಬರುತ್ತಿದ್ದುದು ಒಂದು ಊರಿನ ನಾಟಕ ಮುಗಿದು ಇನ್ನೊಂದು ಊರಿನವರು ಹುಡುಕಿಕೊಂಡು ಬರುವ ತನಕ, ಅಂದರೆ ಮೂರು ದಿನ, ಹೆಚ್ಚೆಂದರೆ ನಾಲ್ಕು. ಆ ಮೂರು ದಿನವೂ ಅಜ್ಜಿ ಅವನನ್ನು ಬೈಯುತ್ತಲೇ, ಮುದ್ದೆಯ ಮೇಲೆ ಒಂದು ಮಿಳ್ಳೆ ತುಪ್ಪ ಜಾಸ್ತಿ ಬಿಡುತ್ತಿದ್ದಳು. ಸೊಪ್ಪು ಹೆಚ್ಚುತ್ತಾ ನನ್ನ ಹತ್ತಿರ ನ್ಯಾಯ ಕೇಳುತ್ತಿದ್ದಳು. “ನನ್ ಕೊರಳಿಗೆ ತಾಳಿ ಕಟ್ಟಿದ್ದು ಒಂದೇ ದಿನ. ಆ ಪೆಟ್ಟಿಗೆಗೆ ಹಗ್ಗ ಕಟ್ಕಂಡು ತಿರುಗಿದ್ದು ಜನ್ಮವೆಲ್ಲ. ಯಾರಪ್ಪ ಹೆಂಡ್ತಿ, ನೀನೇ ಹೇಳು.” ತಾತ ನಶ್ಯ ಏರಿಸಿ, “ಪೆಟ್ಟಿಗೆ ಒತ್ತಿದ್ರೆ ಮಾತ್ರ ಶಬ್ದ ಮಾಡ್ತದೆ ಕಣೇ ನಂಜಿ” ಅನ್ನುತ್ತಿದ್ದ. ಆಮೇಲೆ ಅರ್ಧ ದಿನ ಮನೆಯಲ್ಲಿ ಅಡುಗೆ ಇರುತ್ತಿರಲಿಲ್ಲ.

ಅಜ್ಜಿಗಿದ್ದದ್ದು ಒಂದೇ ಆಸೆ, ಅವನು ಒಂದು ಕಡೆ ನೆಟ್ಟಗೆ ತನ್ನ ಮನೆಯಲ್ಲಿರಬೇಕು, ಇವಳ ಗಂಡ ಇವನು ಎಂದು ನಾಲ್ಕು ಜನ ಹೇಳಬೇಕು. ಅದು ಅವನು ಬದುಕಿದ್ದಾಗ ಆಗಲಿಲ್ಲ.

ತಾತ ತೀರಿಕೊಂಡಿದ್ದು ಚಿಂತಾಮಣಿ ಕಡೆಯ ಒಂದು ಹಳ್ಳಿಯಲ್ಲಿ. ಹೆಸರು ಬೇಡ, ಅಲ್ಲಿ ನಮಗೆ ಬೇಕಾದವರು ಈಗಲೂ ಇದ್ದಾರೆ. ಮಟಮಟ ಮಧ್ಯಾಹ್ನ ಪ್ರಾಕ್ಟೀಸ್ ನಡೆಯುತ್ತಿತ್ತಂತೆ. ದುರ್ಯೋಧನನ ಪಾರ್ಟಿನ ನಾರಾಯಣಪ್ಪ ಒಂದೇ ಪದ್ಯವನ್ನು ಆರನೇ ಸಲ ಎತ್ತಿದಾಗ ತಾತ, “ನಾರಾಯಣಪ್ಪ, ಶ್ರುತಿ ಸೇರ್ತಿಲ್ಲ ಕಣಯ್ಯ” ಎಂದು ಹಾರ್ಮೋನಿಯಂ ಮನೆಗಳ ಮೇಲೆ ತಲೆಯಿಟ್ಟವನು ಏಳಲಿಲ್ಲ. ಆ ಪಾಪ ನಾರಾಯಣಪ್ಪನನ್ನು ಜೀವನ ಪೂರ್ತಿ ಬಿಡಲಿಲ್ಲ. ಅವರ ಊರಿನಲ್ಲೇ, “ನಿನ್ ಕಂಠಕ್ಕೇ ಕಣೋ ಮೇಷ್ಟ್ರು ಹೋಗಿದ್ದು” ಅನ್ನುತ್ತಿದ್ದರು.

ಸುದ್ದಿ ತಂದವನು ಬಾಷಣ್ಣ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಕೆಲಸ ಅವನದು, ನಾಟಕದಲ್ಲಿ ಕೃಷ್ಣನ ಪಾರ್ಟು. ಕನ್ನಡ ಓದಲು ಬರುತ್ತಿರಲಿಲ್ಲ, ಕೃಷ್ಣನ ಮಾತು ಪದ್ಯ ಎಲ್ಲವನ್ನೂ ಉರ್ದು ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದ. ತಾತನಿಗೆ ಅವನ ಮೇಲೆ ಜೀವ. ಗೂಡು ಸಾಗಿಸುವ ಅವನ ಮೆಟಡೋರಿನಲ್ಲೇ ನಾವೆಲ್ಲ ಹೋದೆವು. ಹೋಗಿ ನೋಡಿದರೆ ತಾತನಿಗೆ ಸ್ನಾನ ಮಾಡಿಸಿ, ಪೇಟ ಕಟ್ಟಿ, ನಾಟಕದ ಬಯಲಿನ ಪಕ್ಕದ ಹೊಲದಲ್ಲಿ ಗುಂಡಿಯನ್ನೂ ತೋಡಿಬಿಟ್ಟಿದ್ದರು. ಸುತ್ತಲಿನ ಹಳ್ಳಿಗಳಿಂದ ಐದು ಜನ ದುರ್ಯೋಧನರು, ನಾಲ್ಕು ಜನ ಭೀಮರು, ಮೀಸೆ ಬೋಳಿಸಿಕೊಂಡ ಇಬ್ಬರು ದ್ರೌಪದಿಯರು ಸೇರಿ ಅಳುತ್ತಿದ್ದರು. ಬೇರೆ ಬೇರೆ ಊರಿನ ಭೀಮರು ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ಅತ್ತಿದ್ದನ್ನು ನಾನು ಆವತ್ತು ಬಿಟ್ಟರೆ ಇನ್ನೆಂದೂ ನೋಡಿಲ್ಲ.

ಅಜ್ಜಿ ಅಳಲಿಲ್ಲ. “ಎತ್ತಿ ಗಾಡಿಗೆ” ಅಂದಳು.

ನಾರಾಯಣಪ್ಪ ಅಡ್ಡ ಬಂದ. “ಅಮ್ಮಾ, ಮೇಷ್ಟ್ರು ನಮ್ಮೂರ ಮಣ್ಣು ಕಣಮ್ಮ. ಇಲ್ಲೇ ಉಸಿರು ಬಿಟ್ಟವ್ರೆ. ನಮ್ ಹೊಲದ ಜಾಗಾನೇ ಬಿಟ್ಕೊಟ್ಟಿದ್ದೀನಿ.” ಸೂಜಿಮೊನೆಯಷ್ಟು ಭೂಮಿಯನ್ನೂ ಕೊಡುವುದಿಲ್ಲ ಎಂದು ವರ್ಷಾನುಗಟ್ಟಲೆ ಸ್ಟೇಜಿನ ಮೇಲೆ ಕೂಗಿದ ಮನುಷ್ಯ ಆವತ್ತು ಭೂಮಿ ಕೊಟ್ಟೇ ಕೊಡುತ್ತೇನೆ ಎಂದು ಹಠ ಹಿಡಿದಿದ್ದ. ಅಜ್ಜಿ ಸೆರಗು ಸಿಕ್ಕಿಸಿಕೊಂಡಳು. “ಇದ್ದಾಗೆಲ್ಲ ನೀವು ಮಡಿಕ್ಕಂಡ್ರಿ, ಒಂದಿನ ಕೇಳಿದ್ನಾ? ಈಗ ಇದು ನನ್ ಪಾಲು. ನಾನು ಗಂಡನ್ನ ಕೇಳ್ತಿದೀನಿ, ನಿಮ್ಮೂರ ಕೆರೆ ಕೇಳ್ತಿಲ್ಲ.” ಭೀಮರಲ್ಲಿ ಇಬ್ಬರು ಅಜ್ಜಿಯ ಕಡೆ, ಇಬ್ಬರು ನಾರಾಯಣಪ್ಪನ ಕಡೆ ಆದರು. ಮಾತು ಬೆಳೆಯಿತು. ತಾತ ಪಾಪ ನಡುವೆ ಪೇಟ ಕಟ್ಟಿಕೊಂಡು ಸುಮ್ಮನೆ ಕೂತಿದ್ದ.

ಆಗ ಬಾಷಣ್ಣ ಎದ್ದು ನಿಂತ. “ನೋಡು ನಾರಾಯಣಪ್ಪ, ಮೇಷ್ಟ್ರು ಎರಡು ಕಡೆ ಅವ್ರೆ. ಊಟ ಮಾಡೋ ಮೇಷ್ಟ್ರು ಇಲ್ಲಿ, ಪಾಠ ಹೇಳೋ ಮೇಷ್ಟ್ರು ಅಲ್ಲಿ” ಎಂದು ಹಾರ್ಮೋನಿಯಂ ತೋರಿಸಿದ. “ಇದು ಅಮ್ಮನಿಗೆ. ಅದು ನಿಮ್ಮೂರಿಗೆ. ಗುಂಡಿ ತೋಡಿ ಖಾಲಿ ಬಿಡಬಾರದು ಅಂತೀರಲ್ಲ, ಆ ಪೆಟ್ಟಿಗೆಗೇ ಮಣ್ಣು ಕೊಡಿ.” ಎಲ್ಲರೂ ಅಜ್ಜಿಯ ಮುಖ ನೋಡಿದರು. ಗಂಡನ ವಸ್ತು, ಹೇಗೆ ಕೊಡುತ್ತಾಳೋ ಎಂದು. ಅಜ್ಜಿ, “ಅದಾ? ಈಗ್ಲೇ ಹೂಳಿ, ನಾನೂ ಒಂದು ಹಿಡಿ ಹಾಕಿ ಹೋಗ್ತೀನಿ” ಅಂದಳು. ನಾಟಕದಲ್ಲಿ ಒಂದು ಸಲವೂ ಸಂಧಾನ ಗೆಲ್ಲದ ಬಾಷಣ್ಣ ಆವತ್ತು ಒಂದೇ ಮಾತಿನಲ್ಲಿ ಗೆದ್ದ.

ಹೂಳುವುದೂ ಸುಲಭವಾಗಲಿಲ್ಲ. ಹಾರ್ಮೋನಿಯಂನ ತಲೆ ಯಾವ ಕಡೆ ಎಂದು ಒಬ್ಬ ಕೇಳಿಬಿಟ್ಟ. “ಶಬ್ದ ಬರೋ ಕಡೆ ಬಾಯಿ, ಬಾಯಿ ಇರೋ ಕಡೆ ತಲೆ” ಅಂದ ಒಬ್ಬ ಭೀಮ. “ಗಾಳಿ ಹೋಗೋದೂ ಅಲ್ಲೇ ಕಣಯ್ಯ, ಹಂಗಾರೆ ಅದು ಯಾವ ಕಡೆ ಅಂತ ನೀನೇ ಯೋಚ್ನೆ ಮಾಡು” ಅಂದ ಇನ್ನೊಬ್ಬ. ಕೊನೆಗೆ ಕಾಲು ಮಡಚಿ ಕೂರಿಸುವುದೆಂದಾಯಿತು. ಮಣ್ಣು ಹಾಕುವಾಗ, ಇನ್ನೂ ಗುಂಡಿಯಲ್ಲೇ ಇದ್ದ ಯಾರದೋ ಕಾಲು ತಿದಿಯ ಮೇಲೆ ಬಿದ್ದು, ಮೊದಲ ಬುಟ್ಟಿ ಮಣ್ಣು ಮನೆಗಳ ಮೇಲೆ ಬಿದ್ದು, ಗುಂಡಿಯೊಳಗಿಂದ ಉದ್ದಕ್ಕೆ ಒಂದು ಸ್ವರ ಎದ್ದು ಬಂತು. ದ್ರೌಪದಿಯರಿಬ್ಬರೂ ಪಂಚೆ ಎತ್ತಿಕೊಂಡು ಓಡಿದರು. ಅಜ್ಜಿ ಅಲ್ಲಿಯವರೆಗೆ ಕಲ್ಲಿನ ಹಾಗೆ ನಿಂತಿದ್ದವಳು ಆ ಸ್ವರ ಕೇಳಿ ಕುಸಿದು ಕೂತು ಅತ್ತಳು. ಆಮೇಲೆ ಮೆಟಡೋರಿನಲ್ಲಿ ಬರುವ ದಾರಿಯುದ್ದಕ್ಕೂ ತಾತನ ಕಾಲು ಹಿಡಿದುಕೊಂಡೇ ಕೂತಿದ್ದಳು, ಎಲ್ಲಿ ಇಳಿದು ಹೋಗುತ್ತಾನೋ ಎನ್ನುವ ಹಾಗೆ.

ತಾತನನ್ನು ನಮ್ಮ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮಣ್ಣು ಮಾಡಿದೆವು. ಒಂದು ಚಪ್ಪಡಿ ಕಲ್ಲು, ಒಂದು ದೀಪದ ಗೂಡು, ಅಷ್ಟೇ. ಕಲ್ಲಿನ ಮೇಲೆ ಹೆಸರೂ ಇರಲಿಲ್ಲ. ಯಾರು ಅಂತ ನನಗೆ ಗೊತ್ತಲ್ಲ, ಇನ್ನು ಯಾರಿಗೆ ಬೇಕು ಅನ್ನುತ್ತಿದ್ದಳು ಅಜ್ಜಿ. ಮಧ್ಯಾಹ್ನದ ಹೊತ್ತು ಸೊಪ್ಪಿನ ಕುಕ್ಕೆ ಇಳಿಸಿ, ಆ ಕಲ್ಲಿಗೆ ಬೆನ್ನು ಕೊಟ್ಟು ಕೂತು, ತನ್ನ ತವರಿನ ತೆಲುಗಿನಲ್ಲಿ, “ಯಾಡಿಕಿ ಪೋತಾವ್ ಇಪ್ಪುಡು?” ಎಂದು ಕೇಳುತ್ತಿದ್ದಳು. ಎಲ್ಲಿಗೆ ಹೋಗ್ತೀಯ ಈಗ ಅಂತ. ಅಷ್ಟು ನೆಮ್ಮದಿಯ ಮುಖ ನಾನು ಅವಳದು ಮೊದಲು ನೋಡಿರಲಿಲ್ಲ.

ಎರಡು ಮೂರು ವರ್ಷದಲ್ಲಿ ಆ ಊರಿನ ಸಮಾಧಿ ಮಾತ್ರ ಎಲ್ಲಿಂದೆಲ್ಲಿಗೋ ಬೆಳೆಯಿತು. ಮಂಟಪ ಬಂತು, ಸಿಮೆಂಟಿನ ಹಾರ್ಮೋನಿಯಂ ಬಂತು, ಅಲ್ಲಿನ ಮಣ್ಣು ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡರೆ ಕಂಠ ಬರುತ್ತದೆ ಎಂದು ಸುದ್ದಿಯಾಯಿತು. ನಾರಾಯಣಪ್ಪ ದಿನಾ ತಿನ್ನುತ್ತಿದ್ದನಂತೆ, ಏನೂ ಆಗಲಿಲ್ಲ. ಒಂದು ದಿನ ಬಾಷಣ್ಣ ಬಂದು, “ಅಮ್ಮಾ, ಮೇಷ್ಟ್ರು ಜೀವನ ಚರಿತ್ರೆ ಅಂತ ದೊಡ್ಡ ಬೋರ್ಡು ಬರೆಸಿದ್ದಾರೆ” ಅಂದ. ಅಜ್ಜಿಯ ಕೈಯಲ್ಲಿದ್ದ ಮೊರ ನಿಂತಿತು. “ನನ್ ಹೆಸ್ರು ಐತಾ?” “ನಂಗೆ ಕನ್ನಡ ಓದಕ್ಕೆ ಬರಲ್ಲಮ್ಮ. ಇರ್ತದೆ, ಇರದೆ ಏನು.” ಅಜ್ಜಿ ನನ್ನ ಕಡೆ ತಿರುಗಿ, “ನಡೀಲಾ, ಹೋಗಣ” ಅಂದಳು. ನಾನು ಆಗ ಮೂರನೇ ಕ್ಲಾಸು, ಮೀಸೆ ಚಿಗುರುತ್ತಿತ್ತು. ಮನೆಗೆಲ್ಲ ಓದು ಬರುತ್ತಿದ್ದವನು ನಾನೊಬ್ಬನೇ.

ಹೋದಾಗ ಅಲ್ಲಿ ಪೂಜೆ ನಡೆಯುತ್ತಿತ್ತು. ಅಜ್ಜಿಯ ಗುರುತು ಹಿಡಿಯುವವರು ಯಾರೂ ಎದುರಿಗಿರಲಿಲ್ಲ. ಒಬ್ಬ ಹುಡುಗ, “ಅಜ್ಜಿ, ಕೈ ಮುಗ್ದು ಮುಂದಕ್ಕೆ ನಡೀರಿ, ಹಿಂದೆ ಜನ ಅವ್ರೆ” ಅಂದ. ಅಜ್ಜಿ ಅವನನ್ನು ಒಮ್ಮೆ ನೋಡಿ, ಬೋರ್ಡಿನ ಮುಂದೆ ನೆಲದ ಮೇಲೆ ಕೂತೇಬಿಟ್ಟಳು. “ಓದಪ್ಪ.” ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ಹೋದೆ. ಹುಟ್ಟಿದ್ದು, ಕಲಿತದ್ದು, ಕಲಿಸಿದ ಊರುಗಳು. ಅಲ್ಲಿಂದ ಮುಂದಿನ ಸಾಲು ಹೀಗಿತ್ತು: ‘ಸಂಸಾರದ ಬಂಧನಕ್ಕೆ ಸಿಲುಕದೆ, ಹಾರ್ಮೋನಿಯಮ್ಮನ್ನೇ ಬಾಳಸಂಗಾತಿಯಾಗಿ ಸ್ವೀಕರಿಸಿ ಇಲ್ಲಿಯೇ ಚಿರನಿದ್ರೆಗೆ ಜಾರಿದರು.’ ತಾತನನ್ನು ಕಂಡೇ ಇರದ ಯಾರೋ ಕಾಲೇಜು ಓದಿದವರು ಬರೆದುಕೊಟ್ಟದ್ದಂತೆ.

ನಾನು ‘ಸಂಸಾರದ’ ಎಂದವನು ಮುಂದಿನದನ್ನು ಮನಸ್ಸಿನಲ್ಲೇ ಕೂಡಿಸಿಕೊಂಡು ಅಲ್ಲೇ ನಿಂತೆ. ಅಜ್ಜಿ ಮುಖ ಎತ್ತಿಕೊಂಡು ಕಾಯುತ್ತಿದ್ದಳು. ನನಗೆ ಬರುತ್ತಿದ್ದುದು ಒಂದೇ ಪ್ರಬಂಧ, ಹಸುವಿನದು. ಇನ್ನೇನೂ ತೋಚದೆ ಬೆರಳನ್ನು ಬೋರ್ಡಿನ ಮೇಲೆ ನಿಧಾನಕ್ಕೆ ಎಳೆಯುತ್ತಾ ಓದಿದೆ. “ಸಂಸಾರದ... ಭಾರವನ್ನು ಅವರ ಹೆಂಡತಿ ನಂಜಮ್ಮನವರು ಹೊತ್ತರು. ನಂಜಮ್ಮನವರು ಬಹಳ ಸಾಧು. ಅವರಿಂದ ಮೇಷ್ಟ್ರಿಗೆ ಅನೇಕ ಉಪಯೋಗಗಳಾದವು. ಅವರನ್ನು ನಾವು ಪ್ರೀತಿಯಿಂದ ಕಾಣಬೇಕು.”

ಅಜ್ಜಿ ಸೆರಗು ಸರಿಮಾಡಿಕೊಂಡು, “ಇನ್ನೊಂದು ಕಿತ ಓದು” ಅಂದಳು. ಎರಡನೇ ಸಲ ನನಗೆ ಸರಿಯಾಗಿ ನೆನಪಾಗದೆ, ನಂಜಮ್ಮನವರು ಬಹಳ ಒಳ್ಳೆಯವರು ಎಂದು ಓದಿದೆ. “ಸಾಧು ಅಂತ ಇತ್ತಲ್ಲೋ ಆಗ್ಲೆ” ಅಂದಳು. ನಾನು ಬೋರ್ಡಿನ ಹತ್ತಿರಕ್ಕೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿ, “ಹೌದಜ್ಜಿ, ಸಾಧು ಅಂತಲೇ ಐತೆ” ಅಂದೆ.

ಮರುದಿನ ಸೊಪ್ಪು ಕೀಳಲು ಹೋದಾಗ ಅವಳು ತಾತನ ಕಲ್ಲಿನ ಹತ್ತಿರ ಕುಕ್ಕೆ ಇಳಿಸಿ ನನ್ನನ್ನು ಕರೆದಳು. “ಇಲ್ಲೂ ಒಂದು ಕಿತ ಓದ್ಲಾ. ಇವನಿಗೂ ಕೇಳ್ಲಿ.”

“ಇಲ್ಲಿ ಬೋರ್ಡಿಲ್ಲವಲ್ಲ ಅಜ್ಜಿ.”

“ಅಲ್ಲಿ ಮಾತ್ರ ಬರ್ದಿತ್ತೇನ್ಲಾ” ಅಂದಳು.

ನಾನು ಬರೀ ಕಲ್ಲಿನ ಮೇಲೆ ಬೆರಳಿಟ್ಟು ಓದಿದೆ. ಅವಳು ಎರಡು ಕಡೆ ತಿದ್ದಿದಳು. ಉಪಯೋಗಗಳು ಎಂಬಲ್ಲಿ ಸ್ವಲ್ಪ ಜೋರಾಗಿ ಓದು ಅಂದಳು.

ಅಜ್ಜಿಯೂ ಈಗ ಅಲ್ಲೇ ಇದ್ದಾಳೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ. ಹುಳುವಿನ ಮನೆ ಬಿದ್ದುಹೋಗಿ, ತೋಟದಲ್ಲಿ ಯಾರೋ ಟೊಮ್ಯಾಟೊ ಇಟ್ಟಿದ್ದಾರೆ. ಬಾಷಣ್ಣನೂ ಇಲ್ಲ. ಆ ಸಾಲುಗಳನ್ನು ಈಗ ನನ್ನನ್ನು ಬಿಟ್ಟು ಬಲ್ಲವರಿಲ್ಲ ಎಂದೇ ಇಲ್ಲಿ ಬರೆದಿಟ್ಟೆ. ನಿಮ್ಮ ಊರಿನ ದೊಡ್ಡವರ ಸಮಾಧಿಯ ಬೋರ್ಡಿನಲ್ಲೂ ಯಾವುದಾದರೂ ಅಜ್ಜಿಯ ಹೆಸರು ಬಿಟ್ಟುಹೋಗಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ. ನಿಧಾನವಾದರೂ ಪೂರ್ತಿ ಓದುತ್ತೇನೆ.