ಒತ್ತಿದಾಗಲೋ, ಬಿಟ್ಟಾಗಲೋ

ಪರದೆಯ ಮೇಲಿನ ಒಂದು ಬಟನ್ ಒತ್ತುವಾಗ ನಿಜವಾಗಿ ನಡೆಯುವುದು ಎರಡು ಸಂಗತಿ. ಬೆರಳು ಕೆಳಗೆ ಹೋಗುತ್ತದೆ, ಆಮೇಲೆ ಮೇಲೆ ಬರುತ್ತದೆ. ಕಂಪ್ಯೂಟರಿನ ಜೊತೆಗೇ ಸಿಗುವ ಸಿದ್ಧ ಬಟನ್‌ಗಳು ಎರಡನೆಯದಕ್ಕೆ ಕಾಯುತ್ತವೆ. ಒತ್ತಿದ ಮೇಲೆ ಮನಸ್ಸು ಬದಲಾದರೆ ಬೆರಳನ್ನು ಪಕ್ಕಕ್ಕೆ ಜಾರಿಸಿ ಎತ್ತಿದರಾಯಿತು, ಏನೂ ಆಗುವುದಿಲ್ಲ. ಬಳಸುವವರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕೈಗೆ ತಾನಾಗಿ ತಿಳಿಯುತ್ತದೆ. ನಾನಂತೂ ಇದನ್ನು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಮಣಿಪಾಲದ ಒಂದು ಸಣ್ಣ ಆಫೀಸಿನಲ್ಲಿ ಕೂತು, ಯಂತ್ರಗಳನ್ನು ಕಂಪ್ಯೂಟರಿನಿಂದ ನಡೆಸುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ಆಗ ನನ್ನ ಕೈಯಲ್ಲಿದ್ದದ್ದು ಮಲ್ಪೆಯ ಒಂದು ಐಸ್ ಪ್ಲಾಂಟು, ಕಾಪುವಿನ ಇನ್ನೊಂದು ಐಸ್ ಪ್ಲಾಂಟು, ಕಾರ್ಕಳದ ಹತ್ತಿರದ ಒಂದು ಅಕ್ಕಿ ಮಿಲ್ಲು. ಸಿದ್ಧ ಬಟನ್‌ಗಳು ಅಲ್ಲಿಯವರಿಗೆ ತೀರಾ ಸಣ್ಣವಾಗಿ ಕಂಡವು. ಹಳೆಯ ಸ್ಟಾರ್ಟರಿನ ಹಾಗೆ ದೊಡ್ಡ, ದುಂಡಗಿನ, ಹಸಿರು ಬಟನ್ ಬೇಕೆಂದರು. ಅಂಥದ್ದನ್ನು ನಾನೇ ಬರೆದೆ. ಹಾಗೆ ಸ್ವಂತವಾಗಿ ಬರೆದ ಬಟನ್ನಿಗೆ ಏನೂ ಗೊತ್ತಿರುವುದಿಲ್ಲ. ಯಾವಾಗ ಓಗೊಡಬೇಕು ಎಂಬುದನ್ನೂ ನಾವೇ ಕಲಿಸಬೇಕು. ಮೊದಲು ನಾನೂ ಬೆರಳು ಏಳುವವರೆಗೆ ಕಾಯುವಂತೆಯೇ ಬರೆದಿದ್ದೆ.

ಮಲ್ಪೆಯ ಆಪರೇಟರಿಗೆ ಅದು ಹಿಡಿಸಲಿಲ್ಲ. ಐವತ್ತು ದಾಟಿದವರು, ಹೆಗಲ ಮೇಲೆ ಸದಾ ಒಂದು ಬೈರಾಸು, ಕೈ ಒರೆಸುವ ಟವೆಲು.

“ನಿಮ್ಮ ಬಟನ್ ಎಂತ ಮೇಡಂ, ಹೊಸ ಮದುಮಗಳ ಹಾಗೆ? ಮೂರು ಸಲ ಕರೆದರೆ ಒಂದು ಸಲ ಓ ಅನ್ನುತ್ತದೆ.”

ಅಲ್ಲಿ ಎಲ್ಲರ ಕೈಯೂ ಒದ್ದೆ. ಟಚ್ ಸ್ಕ್ರೀನಿನ ಮೇಲೆ ಒದ್ದೆ ಬೆರಳು ಏಳುವ ಮೊದಲೇ ಬಟನ್ನಿನಿಂದ ಹೊರಗೆ ಜಾರುತ್ತಿತ್ತು. ನಾನು ಅಲ್ಲೇ ನಿಂತು, ಬಿಟ್ಟಾಗ ನಡೆಯಬೇಕಾದ ಕೆಲಸವನ್ನು ಒತ್ತಿದಾಗಲೇ ನಡೆಯುವಂತೆ ಬದಲಾಯಿಸಿದೆ. ಐದು ನಿಮಿಷವೂ ಹಿಡಿಯಲಿಲ್ಲ.

“ಈಗ ಸರಿ ಉಂಟು. ಮುಟ್ಟಿದರೆ ಸಾಕು” ಎಂದರು ಅವರು. ನನಗೆ ಅದು ಹೊಗಳಿಕೆಯಂತೆ ಕೇಳಿಸಿತು. ಅದೇ ಬಟನ್ನನ್ನು ಕಾಪುವಿಗೂ ಕಾರ್ಕಳಕ್ಕೂ ಕಳುಹಿಸಿಬಿಟ್ಟೆ.

ಎರಡು ವಾರ ಕಳೆದು ಬೇರೆ ಯಾವುದೋ ಕೆಲಸಕ್ಕೆ ಮತ್ತೆ ಮಲ್ಪೆಗೆ ಹೋಗಿದ್ದೆ. ಬೆಳಗಿನ ಹತ್ತು ಗಂಟೆ ಇರಬಹುದು. ಐಸ್ ಪುಡಿಮಾಡುವ ಯಂತ್ರದಲ್ಲಿ ಒಂದು ದೊಡ್ಡ ಗಡ್ಡೆ ಸಿಕ್ಕಿಕೊಂಡಿತ್ತು. ಆಪರೇಟರು ಯಂತ್ರ ನಿಲ್ಲಿಸಿದರು. ಕೆಲಸದವರೊಬ್ಬರು ಒಳಗೆ ಇಳಿದರು. ಆ ಯಂತ್ರದೊಳಗೆ ಕಬ್ಬಿಣದ ಹಲ್ಲುಗಳಿರುವ ಒಂದು ಉರುಳೆ. ಅವರು ಎಡಗಾಲಿನಿಂದ ಗಡ್ಡೆಯನ್ನು ಮೆಟ್ಟಿ ಹಿಡಿದು, ಸಲಾಕೆಯನ್ನು ಸಂದಿಗೆ ತೂರಿಸಿ ಮೀಟುತ್ತಿದ್ದರು. ಕಂಪ್ಯೂಟರ್ ಇದ್ದ ಕೋಣೆಯ ಗಾಜಿನ ಆಚೆ ಅವರ ತಲೆ ಮತ್ತು ಹೆಗಲು ನನಗೆ ಕಾಣುತ್ತಿದ್ದವು.

“ಉಪ್ಪುಗಾಳಿಗೆ ನಿಮ್ಮ ಸ್ಕ್ರೀನಿಗೆ ಪೊರೆ ಬಂದಿದೆ ನೋಡಿ” ಎನ್ನುತ್ತ ಆಪರೇಟರು ಬೈರಾಸಿನಿಂದ ಪರದೆ ಒರೆಸಿದರು.

ದಿನಕ್ಕೆ ಹತ್ತು ಸಲ ಹಾಗೆ ಒರೆಸುವವರು ಅವರು. ಒರೆಸುವುದು ಎಂದರೆ ಒತ್ತಿ ಜಾರಿಸುವುದು. ಹಳೆಯ ಬಟನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹೊಸ ಬಟನ್ನಿಗೆ ಬೇಕಾದದ್ದು ಒತ್ತಿದ್ದು ಮಾತ್ರ. ಅಲ್ಲಿಯವರೆಗೆ ಬೈರಾಸು ಮೊದಲು ಊರಿದ್ದು ಅದರ ಹೊರಗೆ ಇರಬೇಕು, ಆ ದಿನ ಅದರ ಮೇಲೆಯೇ. ಬೈರಾಸಿನ ಕೆಳಗೆ ಅದು ಹಸಿರಾಗಿ ಬೆಳಗಿದ್ದನ್ನು ನಾನು ಕಂಡೆ. ಏನಾಯಿತೆಂದು ಆ ಕೋಣೆಯಲ್ಲಿ ಮೊದಲು ತಿಳಿದದ್ದು ನನಗೆ. ಯಂತ್ರ ನಿಲ್ಲಿಸುವ ಕೆಂಪು ಬಟನ್ ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ನನ್ನ ಕೈ ಏಳಲಿಲ್ಲ.

ಉರುಳೆ ಅರ್ಧ ಸುತ್ತು ತಿರುಗಿ ನಿಂತಿತು. ಸಲಾಕೆ ಹಲ್ಲುಗಳ ನಡುವೆ ಸಿಕ್ಕಿ ಬಾಗಿ, ಮೋಟರು ಟ್ರಿಪ್ ಆಗಿತ್ತು. ಗಾಜಿನ ಆಚೆ ತಲೆ ಕಾಣಲಿಲ್ಲ. ನಾವು ಓಡಿ ಹೋದಾಗ ಅವರು ಕಾಲು ಕಿತ್ತುಕೊಂಡು ಹೊರಗೆ ಬಿದ್ದು ನೆಲದ ಮೇಲೆ ಕೂತಿದ್ದರು. ಎಡಗಾಲು ಬರಿದಾಗಿತ್ತು. ಗಂಬೂಟು ಉರುಳೆಯಲ್ಲೇ ಇತ್ತು, ಹಿಮ್ಮಡಿಯವರೆಗೆ ಸೀಳಿಹೋಗಿತ್ತು.

“ಬೆರಳು ಉಂಟಾ ನೋಡಿ” ಎಂದರು ಅವರು. ತಾವಾಗಿ ನೋಡಲಿಲ್ಲ. ಐದೂ ಇದ್ದವು.

ಆಪರೇಟರು ಬೈರಾಸನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. “ನಾನು ಒತ್ತಲಿಲ್ಲ ಮಾರಾಯ, ದೇವರಾಣೆ ಒತ್ತಲಿಲ್ಲ” ಎಂದು ಅದನ್ನೇ ಹೇಳುತ್ತಿದ್ದರು. ಅವರು ಒತ್ತಲಿಲ್ಲ, ಬಟನ್ ನಾನು ಕೆಡಿಸಿದ್ದು ಎಂದು ನಾನು ಹೇಳಿದೆ. ಯಾರೂ ಕಿವಿಗೊಟ್ಟಂತೆ ಕಾಣಲಿಲ್ಲ. ಒಬ್ಬರು ನನಗೇ ನೀರು ತಂದುಕೊಟ್ಟರು.

ಆ ನೀರು ಕುಡಿಯುವಾಗ ಕಾಪುವೂ ಕಾರ್ಕಳವೂ ನೆನಪಾದವು.

ಮಲ್ಪೆಯ ಬಟನ್ನನ್ನು ಮೊದಲಿನಂತೆ ಮಾಡಿ ಕಾಪುವಿಗೆ ಫೋನ್ ಮಾಡಿದೆ. ಅಲ್ಲಿ ಯಂತ್ರ ನಿಂತಿತ್ತು. ಮೈನ್ ಸ್ವಿಚ್ ಇಳಿಸಿ, ನಾನು ಬರುವವರೆಗೆ ಹಾಕಬೇಡಿ ಎಂದೆ. ಕಾರ್ಕಳದ ಮಿಲ್ಲಿನಲ್ಲಿ ಫೋನ್ ಎತ್ತಲಿಲ್ಲ. ಮಿಲ್ಲು ನಡೆಯುವಾಗ ರಿಂಗು ಕೇಳಿಸುವುದಿಲ್ಲ. ನಡೆಯದಿರುವಾಗ ಎಲ್ಲರೂ ಯಂತ್ರದ ಒಳಗಿರುತ್ತಾರೆ. ಸ್ಕೂಟರ್ ಹತ್ತಿದೆ. ಮಣಿಪಾಲ ದಾಟಿ ನಿಲ್ಲಿಸಿ ಮತ್ತೆ ಫೋನ್ ಮಾಡಿದೆ, ಹಿರಿಯಡ್ಕದಲ್ಲಿ ಇನ್ನೊಮ್ಮೆ. ರಿಂಗಾಗುತ್ತಲೇ ಇತ್ತು. ಬೈಲೂರಿನ ಆಚೆ ನಿಲ್ಲಿಸುವ ಧೈರ್ಯವೂ ಆಗಲಿಲ್ಲ. ಯಾರಾದರೂ ಎತ್ತಿ ಏನಾದರೂ ಹೇಳಿದರೆ ಎಂಬ ಹೆದರಿಕೆ.

ಮಿಲ್ಲಿನ ಅಂಗಳಕ್ಕೆ ಬಂದಾಗ ಸದ್ದೇ ಇರಲಿಲ್ಲ. ಒಳಗೆ ಮಿಲ್ಲಿನ ಆಪರೇಟರು ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದರು, ನನಗಿಂತ ಸ್ವಲ್ಪ ದೊಡ್ಡವರು. ಅಲ್ಲಿ ಟಚ್ ಸ್ಕ್ರೀನ್ ಇಲ್ಲ; ಮೌಸಿನ ಮೇಲೆ ಅಕ್ಕಿ ಅಳೆಯುವ ಕಬ್ಬಿಣದ ಸೇರನ್ನು ಕವುಚಿ ಇಟ್ಟಿದ್ದರು. ನಾನು ಅದರತ್ತ ಕೈ ಚಾಚಿದೆ.

“ಮುಟ್ಟಬೇಡಿ. ಈಗಷ್ಟೇ ನಿಲ್ಲಿಸಿದ್ದು, ಒಳಗೆ ಜನ ಉಂಟು” ಎಂದರು.

“ಇದು ಎಂತಕ್ಕೆ?”

“ಹೋದ ವಾರ ಭತ್ತ ಮೇಲೆತ್ತುವ ಬಕೆಟಿನಲ್ಲಿ ಒಬ್ಬನ ಕೈ ಇತ್ತು. ನಾನು ಮರೆತು ಹಸಿರು ಒತ್ತಿದೆ. ಒತ್ತಿದ ಕೂಡಲೇ ನೆನಪಾಯಿತು, ಬೆರಳು ಎತ್ತಲಿಲ್ಲ, ಮೌಸನ್ನು ಪಕ್ಕಕ್ಕೆ ಎಳೆದೆ. ಆದರೂ ಹೊರಟಿತು.”

“ಕೈ?”

“ಅವ ಅಷ್ಟರಲ್ಲಿ ಬೀಡಿಗೆ ಅಂತ ತೆಗೆದಿದ್ದ. ಅಂದಿನಿಂದ ಒಳಗೆ ಜನ ಇರುವಾಗ ಸೇರು ಇದರ ಮೇಲೆ.”

“ನನಗೆ ಯಾಕೆ ಹೇಳಲಿಲ್ಲ?”

“ನೀವು ಓದಿದವರು ಮಾಡಿದ್ದಲ್ವಾ” ಎಂದರು. ಕೊಂಕು ಇರಲಿಲ್ಲ. “ನಾವು ಎಳೆದದ್ದೇ ತಪ್ಪಾಯಿತು ಅಂತ ಗ್ರಹಿಸಿದೆವು.”

ಬಟನ್ ಸರಿಮಾಡಬೇಕಾದರೆ ಮೌಸು ಬೇಕು. ಮೌಸು ಬೇಕಾದರೆ ಒಳಗಿದ್ದವನು ಹೊರಗೆ ಬರಬೇಕು. ಒಂದು ಸ್ಟೂಲಿನ ಮೇಲೆ ಕೂತೆ. ಯಂತ್ರದ ಹೊಟ್ಟೆಯೊಳಗಿಂದ ತಗಡು ಬಡಿಯುವ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗಲೆಲ್ಲ ನಾವಿಬ್ಬರೂ ಆ ಕಡೆ ನೋಡುತ್ತಿದ್ದೆವು.

ಕೊನೆಗೆ ಅವನು ಮೈಯೆಲ್ಲ ತವುಡು ಮೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತ. “ಆಯಿತು, ಸೇರು ತೆಗೆಯಿರಿ” ಎಂದ. ನನಗೆ ಅದನ್ನು ಮುಟ್ಟಲು ಆಗಲಿಲ್ಲ. ಸೇರನ್ನು ಆಪರೇಟರೇ ಎತ್ತಿದರು.